ಹೊಲದಾಗ ಕ್ಯಾಮೆರಾ, ಕಲಬುರಗ್ಯಾಗ ನಾವು

ಶೆಡ್ಡಿನ್ಯಾಗ ನಿಂತು ಮೊಬೈಲ್ ನೋಡಿದ್ರ ಅಗದಿ ಕ್ಲಿಯರ್ ಬರ್ತಿತ್ತು. ತೊಗರಿ ಚೀಲ, ಅಪ್ಪನ ಹೊರಸು, ಮೂಲ್ಯಾಗ ಕಟ್ಟಿದ ಎಮ್ಮಿ, ಎಲ್ಲಾ. ಆತು ಕೆಲಸ ಮುಗೀತು ಅಂತ ಆಳಂದದಾಗ ಬಸ್ ಹತ್ತಿದೆ, ಸೀಟ್ ಸಿಕ್ಕ ಖುಷ್ಯಾಗ ಅವ್ವಗ ತೋರ್ಸೂಮು ಅಂತ ಫೋನ್ ಹಚ್ಚಿ ಆ್ಯಪ್ ತೆಗ್ದ್ರ 'ಡಿವೈಸ್ ಆಫ್‌ಲೈನ್'. ರೇಂಜ್ ಇರ್ಲಿಕ್ಕಿಲ್ಲ ಬಿಡು ಅಂದ್ಕೊಂಡೆ. ಕಲಬುರಗಿಗಿ ಬಂದು ಮನಿ ವೈಫೈದಾಗ ನೋಡಿದೆ, ಅದೇ ಹಾಡು.

ಈ ಕ್ಯಾಮೆರಾದ ಕತಿ ಶುರು ಆಗಿದ್ದು ಮೋಟಾರ್ ಕೇಬಲ್ಲಿಂದ. ಎರಡು ಸಲ ಯಾರೋ ರಾತ್ರಿ ಕೊಯ್ಕೊಂಡು ಹೋದ್ರು, ತಾಮ್ರಕ್ಕ ರೇಟ್ ಅದ ಅಲ್ರೀ. ಹೊಲಕ್ಕ ವೈರಿನ ಇಂಟರ್ನೆಟ್ ಎಲ್ಲಿಂದ ಬರ್ಬೇಕು, ಅದಕ್ಕ ಸಿಮ್ ಹಾಕೋ ಫೋರ್‌ಜಿ ರೌಟರ್ ತಂದೆ, ಸುಪರ್ ಮಾರ್ಕೆಟ್ ಕಡಿ ಒಂದು ಅಂಗಡ್ಯಾಗ ಕ್ಯಾಮೆರಾ ತೊಗೊಂಡೆ. ಎರಡೂ 12 ವೋಲ್ಟಿನವು, ಒಂದ ಬ್ಯಾಟರಿ ಮ್ಯಾಗ ಓಡ್ತಾವ, ಮ್ಯಾಗ ಪತ್ರಾಸಿಗಿ ಸೋಲಾರ್ ಪ್ಲೇಟ್ ಕಟ್ಟೀನಿ. ಅಂಗಡಿಯಾಂವ 'ಎಲ್ಲಾ ಸೆಟಿಂಗ್ ಮಾಡಿ ಕೊಟ್ಟೀನಿ ಸರ, ನೀವು ವೈರ್ ಚುಚ್ಚೋದು ಅಷ್ಟ' ಅಂದಿದ್ದ. ಈ ಮಾತು ನೆನಪಿನ್ಯಾಗ ಇಟ್ಕೋರಿ, ಮುಂದ ಬರ್ತದ.

ಮರುದಿನ ರವಿವಾರ, ಹೊಳ್ಳಿ ಹೊಲಕ್ಕ. ರಾತ್ರಿ ವಿಡಿಯೋ ನೋಡಿ ಕಲ್ತಿದ್ದೆ, ರೌಟರ್‌ನ್ಯಾಗ ಪೋರ್ಟ್ ಫಾರ್ವರ್ಡ್ ಮಾಡ್ಬೇಕಂತ, ಅಂದ್ರ ಹೊರಗಿಂದ ಬಂದವ್ರಿಗಿ ಕ್ಯಾಮೆರಾ ತನಕ ಬಾಗಿಲ ತೆಗ್ದು ಇಡೋದು. ಪೋರ್ಟ್ ನಂಬರ್ 554 ಹಾಕ್ದೆ, 80 ಹಾಕ್ದೆ, ಸೇವ್ ಮಾಡ್ದೆ, ರೌಟರ್ ಬಂದ್ ಮಾಡಿ ಚಾಲೂ ಮಾಡ್ದೆ. ಹೊರಗಿಂದ ಬರ್ತದೋ ಇಲ್ಲೋ ಚೆಕ್ ಮಾಡ್ಲಕ್ಕ ಪ್ರತಿ ಸಲ ಮೊಬೈಲಿನ ವೈಫೈ ಬಂದ್ ಮಾಡಿ ಬೇವಿನ ಗಿಡದ ತನಕ ನಡ್ಯೋದು, ಯಾಕಂದ್ರ ನನ್ನ ಸಿಮ್‌ಗೆ ರೇಂಜ್ ಸಿಗೋದು ಅಲ್ಲೇ. ಏಳೆಂಟು ಸಲ ಹಿಂಗ ತಿರುಗಾಡಿದ್ದು ನೋಡಿ ಅಪ್ಪ 'ಏನ್ ತಮ್ಮಾ, ಹೊಟ್ಟಿ ಕೆಟ್ಟದೇನು?' ಅಂದ.

ಕಡೀಗಿ ಬಾಜು ಮನಿ ಹುಡುಗಗ ಫೋನ್ ಮಾಡ್ದೆ, ಇಂಜಿನಿಯರಿಂಗ್ ಓದ್ಲಕತ್ತಾನ. 'ಕಾಕಾ, ರೌಟರ್ ಸ್ಟೇಟಸ್ ತೆಗ್ದು ವ್ಯಾನ್ ಐಪಿ ಓದ್ರಿ' ಅಂದ, ಅಂದ್ರ ಸಿಮ್ ಕಂಪನಿ ರೌಟರಿಗಿ ಕೊಟ್ಟ ವಿಳಾಸದ ನಂಬರ್. 100.72 ಅಂತ ಓದೋದ್ರಾಗ 'ಬಿಡ್ರಿ ಕಾಕಾ, ಅದು ಸಿಜಿನ್ಯಾಟ್, ಪೋರ್ಟ್ ಎಷ್ಟ ತೆಗದ್ರೂ ಆಗಂಗಿಲ್ಲ' ಅಂದ. 100.64ರಿಂದ 100.127ರ ತನಕ ಶುರು ಆಗೋ ನಂಬರ್ ಅಂದ್ರ ಅದು ಸಿಮ್ ಕಂಪನಿ ಒಳಗಿಂದಂತ, ಹೊರಗ ಯಾರಿಗೂ ಕಾಣಂಗಿಲ್ಲ. ಐಪಿವಿ4 ಅನ್ನೋ ಹಳೇ ನಮೂನಿ ಇಂಟರ್ನೆಟ್ ವಿಳಾಸದ ನಂಬರ್ ಇಡೀ ಜಗತ್ತಿಗಿ ಸೇರಿ ಸುಮಾರು 430 ಕೋಟಿ ಅಷ್ಟ ಇರೋದು, ಎಲ್ಲಾ ಸಿಮ್ಮಿಗೂ ಒಂದೊಂದು ಎಲ್ಲಿಂದ ಕೊಡ್ತಾರ, ಅದಕ್ಕ ಸಾವಿರಾರು ಮಂದೀನ ಒಂದ ನಂಬರಿನ ಹಿಂದ ಕೂಡಿಸ್ತಾರ, ಇದೇ ಸಿಜಿನ್ಯಾಟ್. ನನಗ ತಿಳಿದಿದ್ದು ಹಿಂಗ: ದೊಡ್ಡ ವಾಡೆ, ಅಗಸಿ ಒಂದ, ಒಳಗ ಐವತ್ತು ಸಂಸಾರ. ಒಳಗಿನವ್ರು ಬೇಕಾದಾಗ ಹೊರಗ ಬರ್ತಾರ, ಆದ್ರ ಹೊರಗಿಂದ ಬಂದಾಂವ ಅಗಸ್ಯಾಗ ನಿಂತು ಬರೇ ವಾಡೆ ಹೆಸರು ಹೇಳಿದ್ರ ಯಾರ್ನ ಕರಿಬೇಕು? ನಾ ಮುಂಜಾನಿಂದ ನಮ್ಮ ಖೋಲಿ ಬಾಗಿಲ ತೆಗ್ದು ಕುಂತಿದ್ದೆ, ಅಗಸಿ ಕೀಲಿ ನನ್ನ ಹಂತ್ಯಾಕ ಇರ್ಲೇ ಇಲ್ಲ.

'ಹಂಗಾದ್ರ ಪಿಟುಪಿ ಆನ್ ಮಾಡ್ರಿ' ಅಂದ. ಅದ್ರಾಗ ಕ್ಯಾಮೆರಾನೇ ಹೊರಗ ಹೋಗಿ ಕ್ಯಾಮೆರಾ ಕಂಪನಿ ಸರ್ವರಿಗಿ 'ನಾ ಇಲ್ಲಿದ್ದೀನಿ' ಅಂತ ಹೇಳಿ ಲೈನ್ ಹಿಡ್ಕೊಂಡಿರ್ತದ, ನಮ್ಮ ಮೊಬೈಲ್ ಹೋದಾಗ ಸರ್ವರ್ ಇಬ್ರಿಗೂ ಭೇಟಿ ಮಾಡಿಸ್ತದ. ನೋಡಿದ್ರ ನಮ್ಮದು ಮೊದಲೇ ಆನ್ ಅದ! ಆದ್ರ ಬಾಜೂಕ ಕೆಂಪು ಅಕ್ಷರದಾಗ ಆಫ್‌ಲೈನ್. ರೌಟರ್‌ನ್ಯಾಗ ನೆಟ್ ಅದ, ಲ್ಯಾಪ್‌ಟಾಪಿಗಿ ಬರ್ತದ, ಇದಕ್ಕೊಂದಕ್ಕ ಬರವಲ್ದು. ಅರ್ಧ ತಾಸು ತೆಲಿ ಕೆರ್ಕೊಂಡ ಮ್ಯಾಗ ಕ್ಯಾಮೆರಾದ ನೆಟ್‌ವರ್ಕ್ ಪೇಜಿನ್ಯಾಗ ಕಣ್ಣಿಗಿ ಬಿತ್ತು. ಡಿಎಚ್‌ಸಿಪಿ (ರೌಟರ್ ತಾನೇ ವಿಳಾಸ ಕೊಡೋ ಪದ್ಧತಿ) ಬಂದ್ ಅದ, ಐಪಿ ಕೈಲೆ ಹಾಕ್ಯಾರ, ಹೊರಗ ಹೋಗೋ ಬಾಗಿಲು ಅಂದ್ರ ಗೇಟ್‌ವೇ 192.168.1.1, ಡಿಎನ್‌ಎಸ್ (ಹೆಸರಿಂದ ವಿಳಾಸ ಹುಡುಕಿ ಕೊಡೋದು) ಸೈತ ಅದೇ. ನಮ್ಮ ರೌಟರ್ ಕುಂತಿದ್ದು 192.168.1.254ರಾಗ. ಅಂಗಡಿಯಾಂವ ತನ್ನ ಅಂಗಡಿ ರೌಟರಿಗಿ ಹೊಂದಿಸಿ ಕೊಟ್ಟಾನ, ಅದೇ 'ಎಲ್ಲಾ ಸೆಟಿಂಗ್'. ಶೆಡ್ಡಿನ ಒಳಗ ಗೇಟ್‌ವೇ ಬೇಕಾಗಂಗಿಲ್ಲ, ಅದಕ್ಕ ಅಲ್ಲಿ ಬರ್ತಿತ್ತು. ಹೊರಗ ಹೋಗ್ಲಕ್ಕ ಮಾತ್ರ ಇಲ್ಲದ ಬಾಗಿಲು ಬಡೀತಿತ್ತು ಪಾಪ. ಡಿಎಚ್‌ಸಿಪಿ ಆನ್ ಮಾಡ್ದೆ, ಒಂದ ನಿಮಿಷದಾಗ ಹಸಿರು ಆತು. ಪೋರ್ಟ್ ಎಲ್ಲಾ ಹೊಳ್ಳಿ ಮುಚ್ಚಿದೆ, ಅಂಗಡಿಯಾಂವ ಇಟ್ಟ ಪಾಸ್‌ವರ್ಡ್ ಬದಲ್ ಮಾಡ್ದೆ, ಬ್ಯಾರೆಯವ್ರ ಸರ್ವರ್ ಮ್ಯಾಗ ನಂಬಿಕಿ ಇಡೋದು ನನಗೇನು ಭಾಳ ಸೇರಂಗಿಲ್ಲ ಆದ್ರ ಬ್ಯಾರೆ ಹಾದಿ ಇರ್ಲಿಲ್ಲ.

ಸೋಮವಾರ ಹತ್ತು ಗಂಟೆಕ್ಕ ಮತ್ತ ಚಿತ್ರ ಬಂದ್. ಓಡಿ ಹೋಗ್ಬೇಕೇನೋ ಅಂತ ಗಾಬರಿ ಆಗಿದ್ದೆ, ನೋಡಿದ್ರ ರೌಟರ್ ಸಿಮ್ಮಿನ ದಿನದ ಒಂದೂವರೆ ಜಿಬಿ ಖಾಲಿ! ಕಾರ್ಡಿನ್ಯಾಗ ರೆಕಾರ್ಡ್ ಆಗ್ಲಕ್ಕ ಡಾಟಾ ಬೇಕಾಗಂಗಿಲ್ಲ, ನಾವು ನೋಡಿದಾಗಷ್ಟ ಖರ್ಚು. ಹಂಗಾದ್ರ ನೋಡಿದವ್ರು ಯಾರು? ಅವ್ವ. ಮುಂಜಾನಿ ಎದ್ದಾಗಿಂದ ರೊಟ್ಟಿ ಬಡ್ಯೋತ ಹಿಟ್ಟಿನ ಡಬ್ಬಿಗಿ ಫೋನ್ ಆನಿಸಿಟ್ಟು ಎಮ್ಮಿ ನೋಡ್ಲಕತ್ತಿದ್ದಳು, ಎಚ್‌ಡಿದಾಗ. 2 ಎಂಬಿಪಿಎಸ್, ಸೆಕೆಂಡಿಗಿ 2 ಮೆಗಾಬಿಟ್, ಅಂದ್ರ ತಾಸಿಗಿ ಸುಮಾರು 900 ಎಂಬಿ. ಸಬ್ ಸ್ಟ್ರೀಮಿಗಿ, ಅಂದ್ರ ಕಡಿಮಿ ಡಾಟಾದ ಸಣ್ಣ ಚಿತ್ರಕ್ಕ, ಹಾಕಿ 256 ಕೆಬಿಪಿಎಸ್ ಮಾಡಿ ಕೊಟ್ಟೆ, ಈಗ ತಾಸಿಗಿ 115 ಎಂಬಿ ಆಸುಪಾಸು. 'ಎಮ್ಮಿ ಮಾರಿ ಮಸುಕ ಕಾಣ್ತದೋ' ಅಂತ ಸಿಟ್ಟಾದಳು.

ಅಪ್ಪನ ಸಿಟ್ಟು ಬ್ಯಾರೆ. ಕ್ಯಾಮೆರಾಕ್ಕ ಸ್ಪೀಕರ್ ಅದ ಅಂತ ಅಂವಗ ಯಾರೂ ಹೇಳಿರ್ಲಿಲ್ಲ. ಹೊತ್ತು ಮುಳುಗಿದ ಮ್ಯಾಗ ಹೊರಸಿನ ಮ್ಯಾಗ ಕುಂತು ಬೀಡಿ ಹಚ್ಚ್ಯಾನ, ಪತ್ರಾಸಿನ ಕೆಳಗಿಂದ ಅವ್ವನ ದನಿ, 'ಏನ್ರೀ, ಡಾಕ್ಟರ್ ಏನ್ ಹೇಳಿದ್ರು?' ಕಪ್ಪು ಬಿಳಿ ಚಿತ್ರದಾಗ ನಾನೂ ನೋಡ್ದೆ, ಬೀಡಿ ಕೆಂಡ ಬೆಳ್ಳಗ ಹೊಳೀತಿತ್ತು, ಅಪ್ಪ ಮೊದಲು ಎಮ್ಮಿ ಕಡಿ ನೋಡಿದ.