ಓಡುವ ವ್ಯಾನಿನಿಂದ ಹೊರಟ ಮಾತು

ನಿನ್ನೆ ಸಂಜೆ ಕ್ಯಾಲಿಫೋರ್ನಿಯಾದ 101 ಹೆದ್ದಾರಿಯಲ್ಲಿ ಬರುವಾಗ ಊರಿನಿಂದ ಅಮ್ಮನ ಫೋನ್. ಅಲ್ಲಿ ಆಗಲೇ ಬೆಳಗಿನ ಕಾಫಿ ಹೊತ್ತು. ಲೋಟ ಇಟ್ಟ ಸದ್ದೂ ಕೇಳಿಸಿತು! ಇಲ್ಲೇ ಮೌಂಟನ್ ವ್ಯೂ ಊರಿನ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನಲ್ಲಿರುವ, ಇಂಟರ್ನೆಟ್ ಹುಟ್ಟುವ ಕಾಲದ ಆ ಹಳೇ ವ್ಯಾನ್ ನೆನಪಾಯಿತು. ನೋಡಲು ಬ್ರೆಡ್ ಹಂಚುವ ಗಾಡಿಯ ಥರ, ಒಳಗೆ ಬರೀ ರೇಡಿಯೋ, ಕಂಪ್ಯೂಟರ್.

1977ರ ನವೆಂಬರ್ 22ರಂದು ಅದು ಇದೇ ರಸ್ತೆಯಲ್ಲಿ ಓಡುತ್ತಾ ಸಂದೇಶ ಕಳಿಸಿತ್ತು. ಉಪಗ್ರಹ ಹತ್ತಿ, ಯುರೋಪ್ ಸುತ್ತಿ, ಕೊನೆಗೆ ಆ ಸಂದೇಶ ಲಾಸ್ ಏಂಜಲೀಸ್ ತಲುಪಿತು.

ಈ ಪ್ರಯೋಗಕ್ಕೆ ದುಡ್ಡು ಅಮೆರಿಕದ ರಕ್ಷಣಾ ಇಲಾಖೆಯದು. ಟ್ಯಾಂಕು, ಜೀಪು ಓಡುತ್ತಿರುವಾಗ ಕೇಬಲ್ ಎಳೆಯಲು ಆಗುವುದಿಲ್ಲ, ಒಂದೇ ಟವರ್ ನಂಬಿಕೊಂಡರೆ ಶತ್ರು ಮೊದಲು ಹೊಡೆಯುವುದು ಅದನ್ನೇ, ಅಲ್ವಾ? ಹಾಗಾಗಿ ಪ್ರತಿ ರೇಡಿಯೋನೂ ಪಕ್ಕದ್ದರ ಮಾತು ಇಸಿದುಕೊಂಡು ಮುಂದಕ್ಕೆ ದಾಟಿಸಬೇಕು, ಮದುವೆ ಮನೆಯಲ್ಲಿ ಸಾಲಾಗಿ ನಿಂತು ನೀರಿನ ಬಿಂದಿಗೆ ಕೈಯಿಂದ ಕೈಗೆ ಕೊಡುತ್ತಾರಲ್ಲ, ಹಾಗೆ. ಒಬ್ಬರು ಸಾಲು ಬಿಟ್ಟರೆ ಉಳಿದವರೇ ಬೇರೆ ದಾರಿ ಹುಡುಕಿಕೊಳ್ಳಬೇಕು. ಈ ಭಾಗವೇ ನನಗೆ ಜಾಸ್ತಿ ಇಷ್ಟ.

ಯುದ್ಧಕ್ಕೆಂದು ಯೋಚಿಸಿದ್ದು. ನಿನ್ನೆ ಅದೇ ರಸ್ತೆಯಲ್ಲಿ ಅಮ್ಮ ಕೇಳಿದ್ದು, "ಊಟ ಆಯ್ತೇನೋ?"