ಗೆರೆ ಎಳೆದು ಓದಿದ ಭಾನುವಾರ

ಅಕ್ಕನ ಮಗಳು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಈಗ ಪಿಯುಸಿ ಸೈನ್ಸ್, ಎಲ್ಲಾ ಇಂಗ್ಲಿಷ್. ಹೋದ ಭಾನುವಾರ ಅವರ ಮನೆಗೆ ಹೋದಾಗ ಜಗಲಿ ಮೇಲೆ ಕೂತು ಉರು ಹೊಡೆಯುತ್ತಿದ್ದಳು. "ಪಿ ಎಚ್ ಓ ಟಿ ಓ ಎಸ್ ವೈ ಎನ್..." ಅಲ್ಲಿಗೆ ನಿಂತಳು. ಮತ್ತೆ ಮೊದಲಿಂದ ಶುರು. ಫೋಟೋಸಿಂಥೆಸಿಸ್, 14 ಅಕ್ಷರ. ಟೆಸ್ಟಿನಲ್ಲಿ ಎರಡನೇ ಎಚ್ ಬಿಟ್ಟುಹೋಗಿತ್ತಂತೆ. ಕರುಳು ಚುರುಕ್ ಅಂದಿತು. ನಾನೂ ಹೀಗೇ ಓದಿದವಳು.

"ಇದಕ್ಕೆ ಹತ್ತನೇ ಕ್ಲಾಸಲ್ಲಿ ಏನಂತಿದ್ರಿ ಪುಟ್ಟಿ?"

"ದ್ಯುತಿಸಂಶ್ಲೇಷಣೆ, ಚಿಕ್ಕಮ್ಮ." ಒಂಚೂರೂ ತಡವರಿಸಲಿಲ್ಲ.

"ದ್ಯುತಿ ಅಂದ್ರೆ?"

"ಬೆಳಕು."

ಪೆನ್ಸಿಲ್ ತಗೊಂಡು ಫೋಟೋ ಆದ ಮೇಲೆ ಒಂದು ಗೆರೆ ಎಳೆದೆ. ಗ್ರೀಕಿನಿಂದ ಬಂದ ಪದ. ಫೋಟೋ ಅಂದರೆ ಬೆಳಕು, ಸಿಂಥೆಸಿಸ್ ಅಂದರೆ ಕೂಡಿಸುವುದು. ಆಮೇಲೆ ಇಬ್ಬರೂ ತೊಡೆ ತಟ್ಟುತ್ತಾ ಹೇಳಿದೆವು: ಫೋ, ಟೋ, ಸಿನ್, ಥೆ, ಸಿಸ್. ಐದೇ ಪೆಟ್ಟು. ಕಳೆದುಹೋಗಿದ್ದ ಎಚ್ 'ಥೆ' ಒಳಗೆ ಸಿಕ್ಕಿತು.

ಅಮ್ಮನ ಮಂಡಿನೋವಿನ ಚೀಟಿ ಕಿಟಕಿಯಲ್ಲೇ ಇತ್ತು. ಆಸ್ಟಿಯೋಆರ್ಥ್ರೈಟಿಸ್. ಆಸ್ಟಿಯೋ ಮೂಳೆ, ಆರ್ಥ್ರ್ ಕೀಲು, ಐಟಿಸ್ ಉರಿಯೂತ. ಟಾನ್ಸಿಲೈಟಿಸ್, ಹೆಪಟೈಟಿಸ್ ಎಲ್ಲಕ್ಕೂ ಅದೇ ಬಾಲ. "ಚಿಕ್ಕಮ್ಮ, ಉರಿಯೂತಾನೂ ಬಿಡಿಸಬಹುದು! ಉರಿ, ಊತ. ಯಕಾರಾಗಮ ಸಂಧಿ" ಅಂದಳು. ನನಗೆ ಹೊಳೆದೇ ಇರಲಿಲ್ಲ ಇದು.

ಆದರೆ ಬಾಯಿ ಬಿಡಿಸೋ ಕಡೆಯೇ ಅರ್ಥವೂ ಬಿಡಿಸಿಕೊಳ್ಳುತ್ತೆ ಅಂತೇನಿಲ್ಲ. ಹೆಲಿಕಾಪ್ಟರನ್ನು ನಾವು ಹೆಲಿ, ಕಾಪ್ಟರ್ ಅಂತ ಒಡೀತೀವಿ ಅಲ್ವಾ? ಹುಟ್ಟಿದ್ದು ಹೆಲಿಕೋ, ಪ್ಟರ್ ಸೇರಿ. ಸುರುಳಿ, ರೆಕ್ಕೆ. ಇದನ್ನು ಹೇಗಪ್ಪಾ ತಿಳಿಸೋದು ಅಂತ ಯೋಚಿಸುತ್ತಿದ್ದೆ. ಅವಳೇ ಹೇಳಿದಳು: "ಪ್ರಸ್ತಾರ ಹಾಕುವಾಗ ಗಣಕ್ಕೆ ಸರಿಯಾಗಿ ಪದಾನ ನಡುವೆನೇ ಕತ್ತರಿಸ್ತೀವಲ್ಲ, ಹಾಗೆ. ಸಂಧಿ ಬಿಡಿಸೋದೇ ಬೇರೆ." ನಿಜ. ಎರಡೂ ಕೆಲಸ ಅವಳಿಗೆ ಕನ್ನಡದ ಕ್ಲಾಸೇ ಕಲಿಸಿತ್ತು. ಕನ್ನಡ ಮೀಡಿಯಂನಿಂದ ಬಂದು ಹಿಂದೆ ಬಿದ್ದೆ ಅಂತ ಈ ಮಗು ಮೂರು ತಿಂಗಳಿಂದ ಅಳುತ್ತಿತ್ತು. ಅದು ನೆನಪಾಗಿ ಕಣ್ಣು ತುಂಬಿತು.

ರಾತ್ರಿ ಊಟ ಆದ ಮೇಲೂ ಅವಳು ಬಯಾಲಜಿ ಪುಸ್ತಕ ಬಿಡಲಿಲ್ಲ. ಪುಟದ ತುಂಬಾ ಪೆನ್ಸಿಲ್ ಗೆರೆ. ನಾನು ಹಾಸಿಗೆ ಹಾಸುತ್ತಿದ್ದೆ, ಓಡಿ ಬಂದಳು. "ಚಿಕ್ಕಮ್ಮ, ಕ್ರೋಮೋಸೋಮ್‌ಗೆ ನಮ್ಮಲ್ಲಿ ವರ್ಣತಂತು ಅಂತಿದ್ರು. ಹಾಗಾದ್ರೆ ಕ್ರೋಮೋ ಅಂದ್ರೆ ಬಣ್ಣನಾ?"