ಮುತ್ತಿನ ಸರದ ನೆತ್ತಿ ಬೋಳಾಗದಂತೆ

ಮಣಿಯಂಥ ಉರುಟು ಎಲೆಗಳನ್ನು ದಾರಕ್ಕೆ ಪೋಣಿಸಿದಂತೆ ಕಾಣುವ ಸ್ಟ್ರಿಂಗ್ ಆಫ್ ಪರ್ಲ್ಸ್ ಬಳ್ಳಿ ಸೊರಗಿದಾಗ ಕಣ್ಣಿಗೆ ಬೀಳುವುದು ಕೆಳಗೆ ಇಳಿಬಿದ್ದ ಎಳೆಗಳು. ಕೆಡುಕು ಶುರುವಾಗಿರುವುದು ಸಾಮಾನ್ಯವಾಗಿ ಮೇಲೆ, ಎಳೆಗಳು ಮಣ್ಣಿನಿಂದ ಹೊರಡುವ ಜಾಗದಲ್ಲಿ. ಆ ಜಾಗವನ್ನು ನೆತ್ತಿ ಎಂದು ಕರೆಯೋಣ. ಮೊಳದುದ್ದದ ಜಡೆ, ಮೇಲೆ ಬೋಳು ನೆತ್ತಿ: ಈ ಗಿಡ ಸಾಕಿದ ಮನೆಗಳಲ್ಲಿ ಇದು ಮಾಮೂಲಿ ದೃಶ್ಯ. ನೆತ್ತಿಗೆ ಬೆಳಕು, ಗಾಳಿ, ಒಣಗುವ ಅವಕಾಶ ಸಿಕ್ಕರೆ ಜಡೆ ತಾನಾಗಿ ಇಳಿಯುತ್ತದೆ.

ಇದರ ತವರು ದಕ್ಷಿಣ ಆಫ್ರಿಕಾದ ಒಣ ಪ್ರದೇಶ. ಅಲ್ಲಿ ಇದು ತೂಗಾಡುವ ಬಳ್ಳಿಯೇ ಅಲ್ಲ. ಪೊದೆ, ಬಂಡೆಗಳ ಅರೆನೆರಳಲ್ಲಿ ನೆಲಕ್ಕೆ ಅಂಟಿಕೊಂಡು ಹರಿಯುತ್ತದೆ, ಹರಿದಲ್ಲೆಲ್ಲ ಗಿಣ್ಣಿನಿಂದ ಬೇರು ಬಿಡುತ್ತದೆ. ತೂಗುಹಾಕುವ ಶೋಕಿ ನಮ್ಮದು. ಬೇರು ಆಳಕ್ಕೆ ಹೋಗದಿರುವುದಕ್ಕೂ, ಕತ್ತರಿಸಿದ ತುಂಡು ಸುಲಭವಾಗಿ ಬದುಕುವುದಕ್ಕೂ ಈ ಹರಿಯುವ ಗುಣವೇ ಕಾರಣ. ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ ಗಿಡ ಇದು ಎಂದರೆ ಹೂ ಬಿಡುವವರೆಗೆ ನಂಬುವುದು ಕಷ್ಟ. ಬ್ರಿಟಿಷ್ ಸಸ್ಯತಜ್ಞ ಗಾರ್ಡನ್ ರೌಲಿ ಅವರ ಹೆಸರಿನಲ್ಲಿ ಇದನ್ನು ಸೆನೆಸಿಯೊ ರೌಲಿಯಾನಸ್ ಎಂದು ಕರೆದರು, ಈಗಿನ ಹೆಸರು ಕ್ಯೂರಿಯೊ ರೌಲಿಯಾನಸ್. ಕುಂಡದ ಚೀಟಿಯಲ್ಲಿ ಯಾವುದಿದ್ದರೂ ಗಿಡ ಒಂದೇ.

ಮೊದಲು ಕುಂಡ. ಬೇರು ಮೇಲಿನ ಕೆಲವೇ ಸೆಂಟಿಮೀಟರಿನಲ್ಲಿ ಇರುವುದರಿಂದ ಆಳದ ಕುಂಡ ಬೇಡ. 10–12 ಸೆಂ.ಮೀ. ಅಗಲ, 7–8 ಸೆಂ.ಮೀ. ಆಳ ಸಾಕು. ಕುಂಡ ಆಳವಾದಷ್ಟೂ ಬೇರು ಮುಟ್ಟದ ಮಣ್ಣು ಜಾಸ್ತಿ. ಅದರಲ್ಲಿ ನಿಂತ ತೇವವನ್ನು ಕುಡಿಯುವವರೇ ಇಲ್ಲ, ವಾರಗಟ್ಟಲೆ ಹಾಗೇ ಉಳಿಯುತ್ತದೆ. ಸುಟ್ಟ ಮಣ್ಣಿನ ಕುಂಡ ಗೋಡೆಯಿಂದಲೂ ಒಣಗುವುದರಿಂದ ನೀರು ಹಾಕುವ ಕೈ ತಡೆಯದವರಿಗೆ ಅದೇ ಕ್ಷೇಮ. ಪ್ಲಾಸ್ಟಿಕ್ ಆಗದು ಎಂದೇನಿಲ್ಲ, ಎರಡು ನೀರಿನ ನಡುವೆ ಇನ್ನಷ್ಟು ದಿನ ಕಾಯಬೇಕು ಅಷ್ಟೆ. ತಳದಲ್ಲಿ ತೂತಿಲ್ಲದ ಚಂದದ ಕುಂಡವನ್ನು ಹೊರಗವಚವಾಗಿ ಮಾತ್ರ ಬಳಸಿ.

ಮಣ್ಣನ್ನು ಕುಂಡದ ಅಂಚಿನಿಂದ ಒಂದು ಸೆಂಟಿಮೀಟರ್ ಕೆಳಗಿನವರೆಗೂ ತುಂಬಬೇಕು. ಅರ್ಧ ಕುಂಡಕ್ಕೆ ಮಣ್ಣು ಹಾಕಿ ಗಿಡ ಒಳಗೆ ಕೂತರೆ ಸುತ್ತಲ ಗೋಡೆ ಬೆಳಕನ್ನೂ ಗಾಳಿಯನ್ನೂ ತಡೆಯುತ್ತದೆ. ನೆತ್ತಿ ಕೊಳೆಯಲು ಅಷ್ಟು ಸಾಕು.

ಮಿಶ್ರಣಕ್ಕೆ ಒಂದು ಪಾಲು ಕೋಕೋಪೀಟ್ ಅಥವಾ ಸಾಮಾನ್ಯ ಪಾಟಿಂಗ್ ಮಿಕ್ಸ್, ಒಂದು ಪಾಲು ಪರ್ಲೈಟ್ ಅಥವಾ ಪ್ಯೂಮಿಸ್ (ಎರಡೂ ತೂತುತೂತಾದ ಹಗುರ ಕಲ್ಲಿನ ಕಾಳು), ಒಂದು ಪಾಲು 2–4 ಮಿ.ಮೀ. ಕಾಳಿನ ದಪ್ಪ ಮರಳು. ನುಣುಪು ಮರಳು ಬೇಡ. ಅದು ಸಂದುಗಳನ್ನು ತುಂಬಿ ಗಾರೆಯ ಹಾಗೆ ಗಟ್ಟಿಯಾಗುತ್ತದೆ. ಸರಿಯಾದ ಮಿಶ್ರಣದ ಮೇಲೆ ನೀರು ಹೊಯ್ದರೆ ಕೆಲವೇ ಸೆಕೆಂಡಿನಲ್ಲಿ ತಳದ ತೂತಿನಿಂದ ಹೊರಬರಬೇಕು. ತಳಕ್ಕೆ ಜಲ್ಲಿ ಹಾಸಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ಮಾತನ್ನು ಮಾತ್ರ ಕೇಳಬೇಡಿ. ಸಣ್ಣ ಕಾಳಿನ ಮಣ್ಣು ಪೂರ್ತಿ ನೆನೆಯುವವರೆಗೂ ನೀರು ದಪ್ಪ ಜಲ್ಲಿಗೆ ಇಳಿಯುವುದಿಲ್ಲ. ಹಾಗಾಗಿ ತಳದಲ್ಲಿ ನಿಲ್ಲುತ್ತಿದ್ದ ತೇವ ಜಲ್ಲಿಯ ಮೇಲೆ, ಬೇರಿಗೆ ಇನ್ನೂ ಹತ್ತಿರದಲ್ಲಿ ನಿಲ್ಲುತ್ತದೆ.

ಬೆಳಕಿನ ವಿಷಯಕ್ಕೆ ಬಂದರೆ, ಚಾವಣಿಯ ಕೊಕ್ಕೆಯೇ ಈ ಗಿಡದ ದೊಡ್ಡ ಶತ್ರು. ಅಲ್ಲಿ ತೂಗುಹಾಕಿದರೆ ಕಿಟಕಿಯ ಬೆಳಕು ಎಳೆಗಳ ಮೇಲೆ ಬೀಳುತ್ತದೆ, ನೆತ್ತಿ ಕತ್ತಲಲ್ಲಿ ಉಳಿಯುತ್ತದೆ. ಕುಂಡದ ಬಾಯಿ ಕಿಟಕಿಯ ಗಾಜಿನ ಮೇಲಂಚಿಗಿಂತ ಕೆಳಗಿರಬೇಕು, ಕಿಟಕಿಯಿಂದ 30–60 ಸೆಂ.ಮೀ. ದೂರದೊಳಗೆ ಇರಬೇಕು. ಮುಂಜಾನೆಯ ಒಂದೆರಡು ಗಂಟೆಯ ಎಳೆಬಿಸಿಲು ಬಿದ್ದರೆ ಒಳ್ಳೆಯದೇ. ನಡುಮಧ್ಯಾಹ್ನದ ಬಿಸಿಲು ಗಾಜಿನ ಮೂಲಕ ನೇರ ಬಡಿದರೆ ಮಣಿಗಳು ಮೊದಲು ನೇರಳೆ ಛಾಯೆಗೆ ತಿರುಗಿ, ಆಮೇಲೆ ಕಂದಾಗಿ ಸುಡುತ್ತವೆ. ಬೆಳಕು ಕಮ್ಮಿಯಾದರೆ ಮಣಿ ಸಣ್ಣದಾಗುತ್ತದೆ, ಮಣಿಯಿಂದ ಮಣಿಗೆ ಅಂತರ ಹಿಗ್ಗುತ್ತದೆ, ಸರ ಬರೀ ದಾರವಾಗುತ್ತದೆ. ಹಿಗ್ಗಿದ ಅಂತರ ಮತ್ತೆ ಕುಗ್ಗುವುದಿಲ್ಲ, ಆ ಭಾಗವನ್ನು ಕತ್ತರಿಸುವುದೇ ದಾರಿ. ಕಿಟಕಿ ಇಲ್ಲದ ಕೋಣೆಯಲ್ಲಿ ಗ್ರೋ ಲೈಟನ್ನು (ಗಿಡ ಬೆಳೆಸಲೆಂದೇ ಇರುವ ದೀಪ) ನೆತ್ತಿಯಿಂದ 20–30 ಸೆಂ.ಮೀ. ಮೇಲಿಟ್ಟು ದಿನಕ್ಕೆ 12 ಗಂಟೆ ಉರಿಸಬಹುದು.

ನೀರನ್ನು ಕ್ಯಾಲೆಂಡರ್ ನೋಡಿ ಹಾಕುವ ಗಿಡವಲ್ಲ ಇದು, ಮಣಿ ನೋಡಿ ಹಾಕುವ ಗಿಡ. ಒಂದು ಮಣಿಯನ್ನು ಹತ್ತಿರದಿಂದ ನೋಡಿದರೆ ಮೈಮೇಲೆ ತೆಳ್ಳಗಿನ ಪಾರದರ್ಶಕ ಗೆರೆಯೊಂದು ಕಾಣುತ್ತದೆ. ಮಣಿ ಎಂದರೆ ಉರುಟಾದ ಎಲೆ, ಆ ಗೆರೆ ಅದರ ಬೆಳಕಿಂಡಿ. ಎಲೆ ಉರುಟಾದರೆ ನೀರು ಆರುವ ಹೊರಮೈ ಕಡಿಮೆಯಾಗುತ್ತದೆ, ಆದರೆ ಒಳಗೆ ಬೆಳಕು ಸಾಲದು. ಆ ಕೊರತೆಯನ್ನು ಈ ಕಿಂಡಿ ತುಂಬುತ್ತದೆ. ನೀರುಂಡ ಮಣಿಯಲ್ಲಿ ಕಿಂಡಿ ಅಗಲವಾಗಿ ತೆರೆದಿರುತ್ತದೆ. ಬಾಯಾರಿದರೆ ಕಿರಿದಾಗಿ ಮುಚ್ಚುತ್ತದೆ, ಮಣಿ ಬಟಾಣಿಯಂತೆ ಇದ್ದದ್ದು ಒಣದ್ರಾಕ್ಷಿಯ ಕಡೆಗೆ ವಾಲುತ್ತದೆ. ಕಿಂಡಿ ಮುಚ್ಚುತ್ತಾ ಬಂದು, ಎತ್ತಿದರೆ ಕುಂಡವೂ ಹಗುರವಾಗಿದ್ದರೆ ನೀರಿನ ಹೊತ್ತು ಬಂತೆಂದು ಅರ್ಥ. ಎರಡೂ ಒಟ್ಟಿಗೆ ಹೊಂದಬೇಕು. ಬೆಳೆಯುವ ದಿನಗಳಲ್ಲಿ ಇದು ಹತ್ತು–ಹದಿನಾಲ್ಕು ದಿನಕ್ಕೊಮ್ಮೆ ಆಗಬಹುದು, ತಂಪಿನ ದಿನಗಳಲ್ಲಿ ತಿಂಗಳೂ ಹಿಡಿಯಬಹುದು.

ಹಾಕುವಾಗ ಚಮಚದಲ್ಲಿ ಚಿಮುಕಿಸಬೇಡಿ. ತಟ್ಟೆಯಲ್ಲಿ 2–3 ಸೆಂ.ಮೀ. ನೀರು ತುಂಬಿಸಿ ಕುಂಡವನ್ನು 15–20 ನಿಮಿಷ ಅದರಲ್ಲಿ ಕೂರಿಸಿ, ತೆಗೆದು ಪೂರ್ತಿ ಬಸಿಯಲು ಬಿಡಿ. ನೆತ್ತಿ ಒದ್ದೆಯಾಗದೆ ಬೇರಿಗೆ ನೀರು ಮುಟ್ಟುತ್ತದೆ. ಕೆಲವು ಸಲಕ್ಕೊಮ್ಮೆ ಮೇಲಿನಿಂದಲೂ ಧಾರಾಳವಾಗಿ ಹೊಯ್ದು ಹರಿಸಬೇಕು. ಇಲ್ಲವಾದರೆ ಗೊಬ್ಬರದ, ನೀರಿನ ಲವಣಗಳು ಮಣ್ಣಿನ ಮೇಲೆ ಬಿಳಿ ಪದರವಾಗಿ ಕೂರುತ್ತವೆ. ಸ್ಪ್ರೇ ಬಾಟಲಿಯಿಂದ ಮಣಿಗಳ ಮೇಲೆ ಮಂಜು ಹೊಡೆಯುವುದರಿಂದ ಗಿಡಕ್ಕೆ ಏನೂ ಸಿಗುವುದಿಲ್ಲ.

ಎಲ್ಲರೂ ಎಡವುವುದು ಇಲ್ಲಿ: ನೀರು ಕಮ್ಮಿಯಾದರೂ ಮಣಿ ಸುಕ್ಕುತ್ತದೆ, ಜಾಸ್ತಿಯಾದರೂ ಸುಕ್ಕುತ್ತದೆ. ಕೊಳೆತ ಬೇರು ನೀರೆಳೆಯಲಾರದು, ಹಾಗಾಗಿ ಒದ್ದೆ ಮಣ್ಣಿನಲ್ಲೇ ಗಿಡ ಬಾಯಾರುತ್ತದೆ. ಸುಕ್ಕು ಕಂಡ ಕೂಡಲೇ ಇನ್ನೊಂದು ಲೋಟ ಹೊಯ್ದರೆ ಕತೆ ಮುಗಿಯಿತು. ಮೊದಲು ಬೆರಳನ್ನು ಮಣ್ಣಿಗೆ ಇಳಿಸಿ. ಮಣ್ಣು ಒಣಗಿ ಮಣಿ ಸುಕ್ಕಿದ್ದರೆ ನೀರು ಕೊಡಿ, ಒಂದೆರಡು ದಿನದಲ್ಲಿ ಉಬ್ಬುತ್ತದೆ. ಮಣ್ಣು ತೇವವಿದ್ದು ಮಣಿ ಮೆತ್ತಗೆ, ನೀರುಗಟ್ಟಿದಂತೆ ಕಂಡರೆ, ಎಳೆಯ ಬುಡ ಕಂದಾಗಿ ಎಳೆದರೆ ಕಿತ್ತು ಬಂದರೆ ಅದು ಕೊಳೆ. ಆಗ ಗಿಡವನ್ನು ಉಳಿಸುವ ಯೋಚನೆ ಬಿಟ್ಟು ಎಳೆಗಳನ್ನು ಉಳಿಸಿ: ಕೊಳೆತ ಭಾಗ ಬಿಟ್ಟು ತುದಿಯ ಕಡೆಗೆ, ಒಳಗೆ ಹಸಿರಿರುವಲ್ಲಿ ಕತ್ತರಿಸಿ ಹೊಸ ಕುಂಡಕ್ಕೆ ಹಾಕಿ. ಮಣಿ ಸೀಳಿದ್ದರೆ ಗಾಬರಿ ಬೇಡ. ಬಹಳ ದಿನ ಒಣಗಿಸಿ ಒಮ್ಮೆಲೇ ಕುಡಿಸಿದಾಗ ಸಿಪ್ಪೆ ಬಿರಿಯುತ್ತದೆ, ಗಾಯ ತಾನಾಗಿ ಒಣಗುತ್ತದೆ.

ಬೋಳು ನೆತ್ತಿಯನ್ನು ತುಂಬಿಸುವುದು ಈ ಗಿಡದ ಅತ್ಯಂತ ಖುಷಿಯ ಕೆಲಸ. ಉದ್ದದ ಎಳೆಗಳನ್ನು ಕತ್ತರಿಸದೆಯೇ ಮೇಲಕ್ಕೆತ್ತಿ, ಸಿಂಬೆಯಂತೆ ಮಣ್ಣಿನ ಮೇಲೆ ಸುತ್ತಿ, ಬಾಗಿಸಿದ ತಂತಿ ಅಥವಾ ಹೇರ್‌ಪಿನ್ನಿನಿಂದ ಅಲ್ಲಲ್ಲಿ ಚುಚ್ಚಿ ಹಿಡಿಸಿ. ಗಿಣ್ಣು ಮಣ್ಣಿಗೆ ತಾಗಿರಬೇಕು, ಮಣಿ ಹೂತು ಹೋಗಬಾರದು. ಕತ್ತರಿಸಿ ಮಾಡುವುದಾದರೆ 10 ಸೆಂ.ಮೀ. ತುಂಡು ತೆಗೆದು, ಬುಡದ ಮೂರು–ನಾಲ್ಕು ಮಣಿ ಬಿಡಿಸಿ, ಒಂದು ದಿನ ನೆರಳಲ್ಲಿ ಗಾಯ ಒಣಗಿಸಿ ಹಾಗೆಯೇ ಮಲಗಿಸಿ. ಬೇರಿಲ್ಲದ ಈ ಹಂತದಲ್ಲಿ ಮಾತ್ರ ಮಣ್ಣಿನ ಮೇಲ್ಪದರ ಸ್ವಲ್ಪ ಪಸೆಯಾಗಿರಲಿ. ಎರಡರಿಂದ ನಾಲ್ಕು ವಾರದಲ್ಲಿ ಬೇರು ಹಿಡಿಯುತ್ತದೆ. ಮೆಲ್ಲಗೆ ಎಳೆದರೆ ಬಿಗಿ ಗೊತ್ತಾಗುತ್ತದೆ. ಉದುರಿದ ಬಿಡಿ ಮಣಿಗಳನ್ನು ನೆಟ್ಟು ಕಾಯಬೇಡಿ, ಕಾಂಡದ ಚೂರಿಲ್ಲದ ಮಣಿಯಿಂದ ಹೊಸ ಬಳ್ಳಿ ಬರುವ ಆಸೆ ತೀರಾ ಕಡಿಮೆ.

ಗೊಬ್ಬರ ಹೆಚ್ಚೇನೂ ಬೇಡ. ಬೆಳೆಯುವ ಕಾಲದಲ್ಲಿ ತಿಂಗಳಿಗೊಮ್ಮೆ, ಪೊಟ್ಟಣದ ಮೇಲೆ ಹೇಳಿದ್ದರ ಅರ್ಧ ಪ್ರಮಾಣ. ಕುಂಡ ಬದಲಿಸುವುದು ಎರಡು ವರ್ಷಕ್ಕೊಮ್ಮೆ, ಮಣ್ಣು ಒಣಗಿರುವಾಗ. ಎಳೆಗಳನ್ನು ಮೆತ್ತನೆಯ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿಕೊಂಡರೆ ಮಣಿ ಉದುರುವುದು ತಪ್ಪುತ್ತದೆ. ಬದಲಿಸಿದ ಮೇಲೆ ನಾಲ್ಕೈದು ದಿನ ನೀರು ಹಾಕಬೇಡಿ, ಹರಿದ ಬೇರು ಒಣಗಲಿ.

ಗಿಣ್ಣುಗಳಲ್ಲಿ ಹತ್ತಿಯಂಥ ಬಿಳಿ ಚುಕ್ಕೆ ಕಂಡರೆ ಹಿಟ್ಟು ತಿಗಣೆ. 70 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಕಿವಿಕಡ್ಡಿಯಿಂದ ಒಂದೊಂದನ್ನೂ ಒರೆಸಿ, ವಾರಕ್ಕೊಮ್ಮೆ ಮೂರು–ನಾಲ್ಕು ಸಲ. ಮರಿಗಳು ಹಂತ ಹಂತವಾಗಿ ಹೊರಬರುವುದರಿಂದ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಮೊದಲು ಒಂದು ಎಳೆಯ ಮೇಲೆ ಪರೀಕ್ಷಿಸಿ. ಗಿಡದ ರಸ ಚರ್ಮಕ್ಕೆ ಕೆರೆತ ತರಬಹುದು, ತಿಂದರೆ ವಿಷ. ಬಟಾಣಿ ಎಂದುಕೊಳ್ಳುವ ವಯಸ್ಸಿನ ಮಕ್ಕಳಿಗೆ, ಬೆಕ್ಕು ನಾಯಿಗಳಿಗೆ ಎಳೆ ನಿಲುಕದಂತಿರಲಿ. ಎತ್ತರಕ್ಕೆ ಏರಿಸುವ ಬದಲು ಎಳೆಗಳನ್ನು ಮೊಟಕು ಮಾಡಿದರೆ ನೆತ್ತಿಯ ಬೆಳಕೂ ಉಳಿಯುತ್ತದೆ.

ಕೆಲವು ವಾರ 10–15 ಡಿಗ್ರಿ ಸೆಲ್ಸಿಯಸ್ ತಂಪು, ಒಳ್ಳೆಯ ಬೆಳಕು, ಕಮ್ಮಿ ನೀರು ಸಿಕ್ಕ ಗಿಡ ಹೂ ಬಿಡಲೂಬಹುದು. ಪುಟ್ಟ ಬಿಳಿ ಕುಂಚದಂಥ ಹೂ, ದಾಲ್ಚಿನ್ನಿಯ ಪರಿಮಳ. ಆಗ ಹೂತೊಟ್ಟುಗಳನ್ನು ದಿನಾ ಒಮ್ಮೆ ನೋಡಿ: ಸಸ್ಯಹೇನುಗಳು ಮೊದಲು ಮುತ್ತುವುದು ಅಲ್ಲಿಗೇ. ಬಾಡಿದ ತೊಟ್ಟನ್ನು ಬುಡಕ್ಕೆ ಚಿವುಟಿ ತೆಗೆಯಿರಿ.